ಲೋಟದಲ್ಲಿ ಎರಡು ಬ್ರಷ್

ನಮ್ಮ ವಿಶ್ವವಿದ್ಯಾಲಯದ ವಸತಿ ಕಟ್ಟಡದಲ್ಲಿ ನನ್ನನ್ನು ಬ್ರಷ್ ಸಾರ್ ಅಂತ ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ನಾನು ಅಲ್ಲಿಯ ಮ್ಯಾನೇಜರು. ಕೋಣೆ ತಪಾಸಣೆಗೆ ಹೋದರೆ ಮಂಚದ ಕೆಳಗೆ ಬಗ್ಗುವುದಿಲ್ಲ, ಬೀರು ತೆರೆಸುವುದಿಲ್ಲ. ನೇರ ಬಚ್ಚಲಿಗೆ ಹೋಗಿ ಲೋಟದಲ್ಲಿರುವ ಹಲ್ಲುಜ್ಜುವ ಬ್ರಷ್‌ಗಳನ್ನು ಎಣಿಸುತ್ತೇನೆ. ಕದ್ದುಮುಚ್ಚಿ ಇರುವವರು ಹಾಸಿಗೆ ಸುತ್ತಿಡುತ್ತಾರೆ, ಬಟ್ಟೆಯನ್ನು ಪಕ್ಕದ ಕೋಣೆಗೆ ಸಾಗಿಸುತ್ತಾರೆ, ಬ್ರಷ್ ಒಂದನ್ನು ಮಾತ್ರ ಮರೆಯುತ್ತಾರೆ. ಅನುಮಾನ ಬಂದರೆ ಮುಟ್ಟಿ ನೋಡುತ್ತೇನೆ. ಒದ್ದೆಯಿದ್ದರೆ ಆಸಾಮಿ ಅಲ್ಲೇ ವಾಸ. ಈ ವಿದ್ಯೆಯ ಬಗ್ಗೆ ನನಗೆ ಜಂಬವೂ ಇತ್ತು ಅನ್ನಿ.

ಇಷ್ಟೆಲ್ಲ ಪತ್ತೇದಾರಿಕೆ ಯಾಕೆಂದರೆ, ಹೊರಗೆ ಬಾಡಿಗೆ ಗಗನಕ್ಕೇರಿದೆ. ಓದುವವರಿಗಿಂತ ಓದದವರಿಗೇ ನಮ್ಮ ಕೋಣೆಗಳ ಮೇಲೆ ಕಣ್ಣು. ನಿಯಮವೇನೋ ಸರಳವಾಗಿದೆ. ಕೋಣೆ ವಿದ್ಯಾರ್ಥಿಯದು. ವಿದ್ಯಾರ್ಥಿಯಲ್ಲದವರು ಅವನ ಜೊತೆ ಇರಬೇಕೆಂದರೆ ಹೆಂಡತಿಯೋ, ಗಂಡನೋ, ಮಕ್ಕಳೋ, ಇಲ್ಲವೇ ಅವನನ್ನೇ ನಂಬಿಕೊಂಡ ತಂದೆ ತಾಯಿಯೋ ಆಗಿರಬೇಕು. ಉಳಿದ ಬಂಧುಬಳಗಕ್ಕೆಲ್ಲ ಅತಿಥಿಗಳಾಗಿ ಬಂದು ಹೋಗುವ ಭಾಗ್ಯವಷ್ಟೇ. ವಿದ್ಯಾರ್ಥಿಯೇ ವಾಸವಿಲ್ಲದಿದ್ದರೆ ಕೋಣೆ ರದ್ದು, ಕಾಯುತ್ತಿರುವವರಿಗೆ ಸೇರುತ್ತದೆ.

ಮೂರನೇ ಮಹಡಿಯ ಕೊನೆಯ ಕೋಣೆಯ ಬಗ್ಗೆ ದೂರು ತಂದವನು ಅದರ ಪಕ್ಕದ ಕೋಣೆಯ ಥೀಸಿಸ್ಸಣ್ಣ. ಅವನು ಪ್ರಬಂಧ ಬರೆಯಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಕೂದಲಿತ್ತು. "ಸಾರ್, ಪಕ್ಕದ ಹುಡುಗನ ಕೋಣೇಲಿ ಯಾರೋ ಹೆಂಗಸು ಇದಾರೆ. ರೇಡಿಯೋ ಹಾಕ್ತಾರೆ. ನಂಗೆ ಒಂದು ಸಾಲು ಬರೆಯೋಕಾಗ್ತಿಲ್ಲ," ಅಂದ. ರೇಡಿಯೋ ಇಲ್ಲದ ಕಾಲದಲ್ಲಿ ಎಷ್ಟು ಸಾಲು ಬರೆದಿದ್ದ ಅಂತ ನಾನು ಕೇಳಲಿಲ್ಲ.

ಬಾಗಿಲು ತೆರೆದವಳಿಗೆ ನಲವತ್ತರ ಆಸುಪಾಸು. ಬೆರಳ ತುದಿಗಳಲ್ಲಿ ವಾರ್ನಿಷ್ ಕಲೆ. ಸುಟ್ಟುಹೋದ ಫ್ಯಾನುಗಳ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ವಾರ್ನಿಷ್ ಬಳಿಯುವ ಅಂಗಡಿಯಲ್ಲಿ ಅವಳಿಗೆ ಕೆಲಸವಂತೆ. ನಾನು ಬಚ್ಚಲಿಗೆ ಹೋದೆ. ಲೋಟದಲ್ಲಿ ಎರಡು ಬ್ರಷ್, ಒಂದು ನೀಲಿ, ಒಂದು ಕೆಂಪು.

"ಎರಡಿದೆ," ಅಂದೆ.

"ನೀಲಿ ನನ್ನ ತಮ್ಮಂದು. ಲೈಬ್ರರಿಗೆ ಹೋಗಿದಾನೆ. ಕೆಂಪು ನಂದು. ನಾನು ಅವನ ಅಕ್ಕ."

"ಅಕ್ಕಂದಿರು ಇರೋ ಹಾಗಿಲ್ಲಮ್ಮ."

"ಅಮ್ಮ ತೀರ್ಕೊಂಡಾಗ ಅವನಿನ್ನೂ ತೊಟ್ಟಿಲಲ್ಲಿದ್ದ ಸಾರ್. ಸಾಕಿದೋಳು ನಾನೇ."

"ಸಾಕಿದೋರಿಗೆ ಅಂತ ರೂಲ್ಸಲ್ಲಿ ಜಾಗ ಇಲ್ಲ. ಹೆತ್ತಿದ್ರೆ ಮಾತ್ರ."

ಮಾತು ಒರಟಾಯಿತು ಅಂತ ನನಗೇ ಅನ್ನಿಸಿತು. ಅದನ್ನು ಮುಚ್ಚಿಹಾಕಲು ನನ್ನ ಬ್ರಷ್ ವಿದ್ಯೆಯನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಎಣಿಸುವುದು, ಮುಟ್ಟುವುದು, ಒದ್ದೆ, ಒಣ. ಅವಳು ಕಿವಿಗೊಟ್ಟು ಕೇಳಿದಳು. ಆ ದಿನ ಮಾತ್ರ ನಾನು ಮುಟ್ಟಿ ನೋಡಲಿಲ್ಲ. ಸಿಕ್ಕಿಬಿದ್ದವಳು ಎದುರಿಗೇ ನಿಂತಿರುವಾಗ ಮುಟ್ಟುವುದೇನು ಬಂತು?

"ನಾನು ಹೋದ್ರೆ ಕೋಣೆ ಅವನ ಹೆಸರಲ್ಲೇ ಇರುತ್ತಲ್ವಾ?" ಅಂತ ಕೇಳಿದಳು.

"ಅವನು ಇಲ್ಲಿ ಇದ್ಕೊಂಡು ಓದೋ ತನಕ ಯಾರೂ ಅಲುಗಾಡಿಸಲ್ಲ."

ಅವಳ ಮುಖ ಅರಳಿತು. ಹೊರಗೆ ಹಾಕಿಸಿಕೊಂಡು ಹೀಗೆ ಖುಷಿಪಟ್ಟವರನ್ನು ನಾನು ಕಂಡಿರಲಿಲ್ಲ. ಎಲ್ಲರೂ ಅಳುತ್ತಾರೆ, ಇಲ್ಲ ನನ್ನ ವಂಶವನ್ನು ಜಾಲಾಡುತ್ತಾರೆ. ಅವಳು ಸಂಜೆಯೊಳಗೆ ಗಂಟುಮೂಟೆ ಕಟ್ಟಿಕೊಂಡು ಅಂಗಡಿಯ ಅಟ್ಟಕ್ಕೆ ಹೋಗಿಬಿಟ್ಟಳು. ಎಂಥ ಅಕ್ಕ ಅಂತ ನನ್ನ ಹೆಂಡತಿಯ ಹತ್ತಿರ ಹೊಗಳಿಯೂ ಹೊಗಳಿದೆ.

ಮುಂದಿನ ತಪಾಸಣೆಯಲ್ಲಿ ಆ ಕೋಣೆಗೆ ಬೀಗವಿತ್ತು. ನನ್ನ ಕೀಲಿಯಿಂದ ತೆಗೆದು ನೋಡಿದೆ. ಲೋಟದಲ್ಲಿ ನೀಲಿ ಬ್ರಷ್ ಒಂದೇ. ಮುಟ್ಟಿದೆ, ಒದ್ದೆಯಿತ್ತು. ಹುಡುಗ ಕ್ಲಾಸಿಗೆ ಹೋಗಿರಬೇಕು ಅಂದುಕೊಂಡು ಎಲ್ಲ ಸರಿಯಿದೆ ಅಂತ ಬರೆದುಕೊಂಡು ಬಂದೆ. ಆ ದಿನಗಳಲ್ಲೇ ಒಬ್ಬ ವಿದ್ಯಾರ್ಥಿನಿ ಕೈಗೂಸನ್ನು ಎತ್ತಿಕೊಂಡು ಆಫೀಸಿಗೆ ಅಲೆಯುತ್ತಿದ್ದಳು. ಗಂಡ, ಮಗು ಸಮೇತ ಯಾರದೋ ಮನೆಯ ನಡುಮನೆಯಲ್ಲಿ ಮಲಗುತ್ತಿದ್ದಳಂತೆ. ಖಾಲಿಯಾದ ಕೂಡಲೇ ಮೊದಲ ಕೋಣೆ ನಿನಗೇ ಅಂತ ಮಾತು ಕೊಟ್ಟಿದ್ದೆ.

ಆಮೇಲೆ ಥೀಸಿಸ್ಸಣ್ಣ ಮತ್ತೆ ಬಂದ. "ಸಾರ್, ಈಗ ರೇಡಿಯೋ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ನಲ್ಲಿ ಸದ್ದು, ಆಮೇಲೆ ಬಾಗಿಲ ಸದ್ದು, ಅಷ್ಟೇ. ಹುಡುಗನ ಮುಖ ನೋಡಿ ಯಾವ ಕಾಲ ಆಯ್ತೋ!"

ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೋದೆ. ಬಾಗಿಲು ಒರಗಿಸಿತ್ತು. ಒಳಗೆ ಹಾಸಿಗೆಯ ಮೇಲೊಂದು ಸುಕ್ಕಿಲ್ಲ. ಪುಸ್ತಕಗಳನ್ನು ಒರೆಸಿ ಜೋಡಿಸಿಟ್ಟಿತ್ತು. ಬಚ್ಚಲಿನಲ್ಲಿ ಅಕ್ಕ ನಲ್ಲಿಯ ಕೆಳಗೆ ನೀಲಿ ಬ್ರಷ್ ಹಿಡಿದು ನಿಂತಿದ್ದಳು.

ನೀರು ಹರಿಯುತ್ತಲೇ ಇತ್ತು. ಆಮೇಲೆ ಅವಳೇ ನಲ್ಲಿ ನಿಲ್ಲಿಸಿದಳು.

"ಅವನೆಲ್ಲಮ್ಮಾ?"

"ಲಾರಿ ಓಡಿಸ್ತಿದಾನೆ. ಎಲ್ಲಿ ಅಂತ ಸರಿಯಾಗಿ ಹೇಳಲ್ಲ. ಓದು ತಲೆಗೆ ಹತ್ತಲ್ಲ ಅಕ್ಕ ಅಂತ ಹೊರಟುಹೋದ."

"ಯಾವಾಗ?"

"ನೀವು ಮೊದಲನೇ ಸಲ ಬಂದ್ರಲ್ಲ, ಅದಕ್ಕೂ ಮುಂಚೆನೇ."

ನಾನು ಪೆಚ್ಚಾದೆ. ಅಂದರೆ ಆ ಕೋಣೆಯಲ್ಲಿ ನಿಜವಾಗಿ ವಾಸವಿದ್ದ ಒಬ್ಬಳೇ ಒಬ್ಬಳನ್ನು ಹೊರಗೆ ಹಾಕಿ, ಇಲ್ಲದವನ ಕೋಣೆಯನ್ನು ನಾನೇ ಕಾಯ್ದುಕೊಟ್ಟಿದ್ದೆ. ಬ್ರಷ್ ಬಚ್ಚಿಡಲು ಮರೆತ ಎಷ್ಟೋ ಜನರನ್ನು ಹಿಡಿದಿದ್ದೇನೆ. ಇಲ್ಲದವರ ಬ್ರಷ್ಷನ್ನು ದಿನಾ ಬಂದು ಒದ್ದೆ ಮಾಡಿಡುವವರೂ ಇರುತ್ತಾರೆ ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಬರಲ್ಲ ಅಂತಾನಾ?"

"ಹಾಗೇ ಅಂತಾನೆ. ಚಿಕ್ಕೋನಿದ್ದಾಗ ಸ್ಕೂಲಿಗೂ ಹೋಗಲ್ಲ ಅಂತಿದ್ದ ಸಾರ್. ಗೇಟಿನ ಹತ್ರ ಬಿಟ್ಟು ನಾನು ಅಲ್ಲೇ ನಿಂತಿರ್ತಿದ್ದೆ. ತಿರುಗಿ ನೋಡೋನು, ನಾನಿದೀನಿ ಅಂತ ಗೊತ್ತಾದ್ಮೇಲೆ ಒಳಗೆ ಹೋಗೋನು." ಬ್ರಷ್ಷನ್ನು ಲೋಟದಲ್ಲಿಟ್ಟು ಕೇಳಿದಳು, "ಓದೋನು ವಾಪಸ್ ಬರೋ ತನಕ ಓದದೇ ಇರೋರು ಅವನ ಜಾಗ ಹಿಡ್ಕೊಂಡಿರೋ ಹಾಗಿಲ್ವಾ?"

ನನಗೆ ಕೈಗೂಸಿನ ವಿದ್ಯಾರ್ಥಿನಿ ನೆನಪಾದಳು.

"ಇಲ್ಲಮ್ಮ," ಅಂದೆ. "ಜಾಗಕ್ಕೆ ಬೇರೆಯವರು ಕಾಯ್ತಿದಾರೆ. ಚಿಕ್ಕ ಮಗು ಇದೆ."

"ಮಗು ಇದೆಯಾ?" ಅಂದಳು. ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು, ಹಾಸಿಗೆ ಸುತ್ತಿದಳು. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಮೆಟ್ಟಿಲವರೆಗೆ ಹೋದವಳು ತಿರುಗಿ ಬಂದು ಬಚ್ಚಲಿಗೆ ಹೋದಳು.

ನೀಲಿ ಬ್ರಷ್ಷನ್ನು ಹೆಬ್ಬೆರಳಿನಿಂದ ಕೊಡವಿ, ಚೀಲದಿಂದ ತಮ್ಮನ ಹಳೆಯ ಅಂಗಿಯೊಂದನ್ನು ತೆಗೆದು ಒರೆಸತೊಡಗಿದಳು. ಎಳೆ ಎಳೆ ಬಿಡಿಸಿ, ತಂತಿ ಸುತ್ತುವವಳ ತಾಳ್ಮೆಯಿಂದ ಒರೆಸಿದಳು. ಇಷ್ಟು ದಿನ ನನಗೋಸ್ಕರ ಒದ್ದೆ ಮಾಡಿಟ್ಟಿದ್ದನ್ನು ಈಗ ಅವನಿಗೋಸ್ಕರ ಒಣಗಿಸುತ್ತಿದ್ದಳು.

"ಒದ್ದೆ ಇದ್ರೆ ಹಾಳಾಗುತ್ತೆ ಸಾರ್," ಅಂದಳು. "ಬಂದಾಗ ಬೇಕಲ್ಲ ಅವನಿಗೆ."

ಅವಳು ಒರೆಸಿ ಮುಗಿಸುವವರೆಗೆ ನಾನು ಬಾಗಿಲ ಹತ್ತಿರವೇ ನಿಂತಿದ್ದೆ.