ಒಳಗೇ ಕೂತ ಬಟನ್ನು

ಪ್ರತಿ ಮನೆತನದ ಚರಿತ್ರೆಯಲ್ಲೂ ಒಂದು ಮಹಾ ತೀರ್ಮಾನದ ಗಳಿಗೆ ಬರುತ್ತದೆ. ಕೆಲವರಿಗೆ ಅದು ಆಸ್ತಿಯ ಪಾಲು, ಕೆಲವರಿಗೆ ಮಗಳ ಮದುವೆ. ಈ ಮನೆಗೆ ಅದು ಬಂದದ್ದು, ಅತ್ತೆಯ ಮೊಬೈಲಿನಲ್ಲಿ ಸದ್ದು ಹೆಚ್ಚಿಸುವ ಬಟನ್ನನ್ನು ರಿಪೇರಿ ಮಾಡಿಸಬೇಕೇ ಬೇಡವೇ ಎಂಬ ಪ್ರಶ್ನೆಯಾಗಿ. ನಗುವವರು ನಗಲಿ. ಬುದ್ಧಿ ಬಲಿತ ಮೂವರು ಅದಕ್ಕಾಗಿ ಊಟ ತಣ್ಣಗಾಗಲು ಬಿಟ್ಟರು.

ಫೋನಿಗೆ ವಯಸ್ಸಾಗಿತ್ತು. ಗಾಜು ಬಿರುಕು ಬಿಟ್ಟಿತ್ತು, ಬೆನ್ನಿನ ಮುಚ್ಚಳ ರಬ್ಬರ್ ಬ್ಯಾಂಡಿನ ಕೃಪೆಯಲ್ಲಿ ನಿಂತಿತ್ತು. ಒಂದು ದಿನ ಅದು ಕಿಟಕಿಯ ಸರಳಿಗೆ ಬಡಿದು ಪಕ್ಕದ ಬಟನ್ನು ಒಳಗೆ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ. ಯಾರೋ ಸದಾ ‘ಜೋರು, ಇನ್ನೂ ಜೋರು’ ಎಂದು ತಿವಿಯುತ್ತಿರುವಂತೆ, ಪರದೆಯ ಮೇಲೆ ಬೆರಳಾಡಿಸಿ ಎಷ್ಟು ತಗ್ಗಿಸಿದರೂ ಸದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ತುತ್ತತುದಿಗೆ. ಕಿವಿಗಿಟ್ಟರೆ ಕಿವಿಯ ತಮಟೆಯೇ ಹರಿದೀತೆಂದು ಅತ್ತೆ ಅದನ್ನು ಗೇಣು ದೂರ ಹಿಡಿಯುತ್ತಿದ್ದರು. ಗೇಣು ದೂರ ಹಿಡಿದ ಮೇಲೆ ತಾವೂ ಕಿರುಚಬೇಕಲ್ಲ, ಕಿರುಚುತ್ತಿದ್ದರು.

ಸೊಸೆ ಹೊಲಿಗೆಯವಳು. ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ಸರಿಪಡಿಸುವುದೇ ಹೆಚ್ಚು: ದಪ್ಪಗಾದವರಿಗೆ ಹೊಲಿಗೆ ಬಿಚ್ಚಿಕೊಡುವುದು, ಸಣ್ಣಗಾಗುತ್ತೇವೆಂದು ನಂಬಿದವರಿಗೆ ಹಿಡಿದುಕೊಡುವುದು. ಅವಳ ಮೆಷಿನ್ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಅಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಬೇಕೆಂದರೆ ಬೆರಳಿಗೇ ಕಣ್ಣು ಬರಬೇಕು. ಬಂದ ಗಿರಾಕಿ ಇಡೀ ಮನೆ ದಾಟಿ, ತಂತಿಯ ಮೇಲೆ ಒಣಗುತ್ತಿರುವ ಮನೆಮಂದಿಯ ಒಳಉಡುಪುಗಳ ಕೆಳಗೆ ತಲೆ ಬಗ್ಗಿಸಿ ಬರಬೇಕು.

ಅವಳ ಕಣ್ಣಿದ್ದದ್ದು ಮುಂದಿನ ಕೋಣೆಯ ಮೇಲೆ. ಬೀದಿಗೆ ತೆರೆದ ದೊಡ್ಡ ಕಿಟಕಿ, ದಿನವಿಡೀ ಬೆಳಕು. ಆದರೆ ಅದು ಅತ್ತೆಯ ಕೋಣೆ. ಕಿಟಕಿಯ ಪಕ್ಕ ಅತ್ತೆಯ ಬೆತ್ತದ ಕುರ್ಚಿ. ಬೀದಿಯಲ್ಲಿ ಯಾರು, ಯಾರ ಜೊತೆ, ಎಂಥ ಮುಖ ಹೊತ್ತುಕೊಂಡು ಹೋದರು ಎಂಬುದರ ಉಸ್ತುವಾರಿ ಅಲ್ಲಿಂದಲೇ ನಡೆಯುತ್ತಿತ್ತು. ಕೋಣೆ ಕೇಳಲು ಸೊಸೆಗೆ ಬಾಯಿ ಬರುತ್ತಿರಲಿಲ್ಲ. ಕೇಳಿ ‘ಇಲ್ಲ’ ಅನ್ನಿಸಿಕೊಂಡರೆ, ಆಮೇಲೆ ಜೀವಮಾನವಿಡೀ ಆ ‘ಇಲ್ಲ’ದ ಜೊತೆಗೂ ಒಂದೇ ಸೂರಿನಡಿ ಬಾಳಬೇಕಲ್ಲ!

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆಯ ತಂಗಿಯ ದಿನನಿತ್ಯದ ಫೋನು ಬಂತು.

“ಅಕ್ಕಾ, ನಿನ್ನ ಸೊಸೆ ಇನ್ನೂ ಆ ಕತ್ತಲಲ್ಲೇ ಹೊಲೀತಾಳಾ?”

“ಹೊಲೀತಾಳೆ. ಕಣ್ಣು ಕಳ್ಕೊಂಡ್ರೂ ಸರಿ, ಬಾಯಿ ಬಿಡಲ್ಲ.”

“ಕೋಣೆ ನೀನೇ ಕೊಡಬಾರ್ದಾ?”

“ನಾನ್ಯಾಕೆ ಮೇಲೆ ಬಿದ್ದು ಕೊಡ್ಲಿ? ಕೇಳೋ ಬಾಯಿ ಇಲ್ದಿದ್ರೆ ಕೊಡೋ ಕೈ ಎಲ್ಲಿಂದ ಬರುತ್ತೆ? ಕೇಳ್ಲಿ, ನೋಡೋಣ.”

ಓಣಿಯಲ್ಲಿ ಸೊಸೆಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಮೊದಲು ಸಂತೋಷವಾಯಿತು, ಬೆನ್ನಿಗೇ ಪೇಚಾಟ. ಈಗ ಹೋಗಿ ಕೇಳಿದರೆ, ಫೋನಿಗೆ ಕಿವಿಗೊಟ್ಟು ಕೂತಿದ್ದೆ ಎಂದು ತಾನೇ ಡಂಗುರ ಸಾರಿದಂತೆ.

ಎರಡು ಮೂರು ದಿನದಲ್ಲಿ ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಮೆಷಿನ್ ಓಡುತ್ತಿರುವಾಗ ಅತ್ತೆ ಬರೀ “ಹೂಂ... ಹೂಂ...” ಅನ್ನುತ್ತಿದ್ದರು. ಮೆಷಿನ್ ನಿಂತೊಡನೆ ಬಿಟ್ಟಲ್ಲಿಂದಲೇ ಮಾತು ಶುರು. ಪರೀಕ್ಷೆಗೆಂದು ಅವಳು ಬಟ್ಟೆಯನ್ನೇ ಇಡದೆ ಬರೀ ಮೆಷಿನ್ ಓಡಿಸಿದಳು. ಅತ್ತೆ ನಿಂತರು. ಇವಳು ನಿಲ್ಲಿಸಿದಳು. ಅತ್ತೆ ಓಡಿದರು. ಮತ್ತೊಮ್ಮೆ ಮಾಡಿದಳು, ಮತ್ತೆ ಅದೇ. ಸೊಸೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು.

ಅಂದಿನಿಂದ ಸಂಧಾನ ಶುರುವಾಯಿತು.

“ಕೋಣೆ ಏನೋ ಕೊಡಬಹುದು ಕಣೇ,” ಎಂದರು ಅತ್ತೆ ಫೋನಿಗೆ. “ನನ್ನ ಕುರ್ಚಿ ಮಾತ್ರ ಕಿಟಕಿ ಬಿಟ್ಟು ಅಲ್ಲಾಡಲ್ಲ.”

ಸೊಸೆ ಅಡುಗೆಮನೆಯಲ್ಲಿ ಬಾಣಲೆಗೆ ಹೇಳಿದಳು: “ಯಾರ ಕುರ್ಚಿ ಯಾರಿಗೆ ಬೇಕಪ್ಪಾ! ಎಡಗಡೆಯಿಂದ ಬೆಳಕು ಬಿದ್ರೆ ಸಾಕು.”

“ಅದ್ಯಾರಕ್ಕಾ ಮಾತಾಡಿದ್ದು?” ಎಂದಿತು ಫೋನು.

“ಪಾತ್ರೆ ಬಿತ್ತು.”

“ಎಡಗಡೆ ಬೆಳಕು ಅಂದ ಹಾಗಾಯ್ತು?”

“ಎಡಗಡೆಗೇ ಬಿತ್ತು. ನೀನು ಮುಂದೆ ಕೇಳು. ಬಂದ ಗಿರಾಕಿ ನನ್ನ ಹತ್ರ ನಾಲ್ಕು ಮಾತಾಡ್ದೆ ಹೋಗಬಾರದು.”

ಸೊಸೆ ಸೌಟಿನೊಡನೆ ಸಮಾಲೋಚಿಸಿದಳು: “ಒಳ್ಳೇದೇ ಆಯ್ತು. ಮಾತಾಡಿಸಿದ್ರೆ ಹೊಟ್ಟೆ ಒಳಗೆಳ್ಕೊಳ್ಳೋದು ಮರೀತಾರೆ. ಅಳತೆ ಸರಿಯಾಗಿ ಬರುತ್ತೆ.”

ಹೀಗೆ ಷರತ್ತಿಗೊಂದು ಷರತ್ತು ಕೂಡಿಬಂದು, ಉಳಿದದ್ದು ಒಂದೇ: ಅತ್ತೆಯ ಮಧ್ಯಾಹ್ನದ ನಿದ್ದೆ. ಅಷ್ಟರಲ್ಲಿ ನಡುವೆ ಬಂದವನು ಮಗ.

ಮಗ ಲಿಫ್ಟ್ ರಿಪೇರಿಯವನು. “ದಿನವಿಡೀ ಊರಿನ ಬಟನ್ನು ಸರಿಮಾಡಿ ಬರ್ತೀನಿ,” ಎಂದ ರಾತ್ರಿ ಊಟಕ್ಕೆ ಕೂತು. “ನನ್ನ ಮನೇಲೇ ಬಟನ್ನು ಒಳಗೆ ಕೂತಿದೆ. ಚಿಕ್ಕಮ್ಮನ ಮಂಡಿನೋವು ಬೀದಿ ಕೊನೆವರೆಗೂ ಕೇಳಿಸುತ್ತೆ. ನಾಲ್ಕು ಜನ ಏನಂದ್ಕೋಬೇಕು?”

“ನಾಲ್ಕು ಜನಕ್ಕೂ ಮಂಡಿ ಇರುತ್ತಪ್ಪಾ,” ಎಂದರು ಅತ್ತೆ.

“ರೀ, ಹಳೇ ಫೋನು,” ಎಂದಳು ಸೊಸೆ. “ಬಿಚ್ಚಿ ಅದು ಪೂರ್ತಿ ಸತ್ತೋದ್ರೆ?”

“ಅವಳು ಹೇಳೋದೇ ಸರಿ,” ಎಂದರು ಅತ್ತೆ.

ಮಗನ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಅಂಥ ವಾಕ್ಯ ಕೇಳಿಬಂದಿರಲಿಲ್ಲ. ಹೆಂಗಸರಿಬ್ಬರೂ ಒಂದೇ ಮಾತಾಡುತ್ತಿದ್ದಾರೆಂದರೆ ಫೋನಿನ ಸ್ಥಿತಿ ನಿಜಕ್ಕೂ ಚಿಂತಾಜನಕವಾಗಿರಬೇಕು ಎಂದು ಅವನು ಅರ್ಥ ಮಾಡಿಕೊಂಡ. ಭಾನುವಾರ ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಸಣ್ಣ ಸ್ಕ್ರೂಡ್ರೈವರು, ಹಳೇ ಟೂತ್‌ಬ್ರಶ್ಶು ಹಿಡಿದು ಕೂತ. ಅವರು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಬಟನ್ನು ಟಕ್ಕೆಂದು ಹೊರಗೆ ಬಂದಿತ್ತು.

“ನೋಡಮ್ಮಾ! ಹೊಸದರ ಹಾಗಾಯ್ತು.”

“ಆಯ್ತು,” ಎಂದರು ಅತ್ತೆ. ಯಾರಾದರೂ ತೀರಿಕೊಂಡ ಸುದ್ದಿ ಕೇಳಿದಾಗಲೂ ಅವರು ಅದಕ್ಕಿಂತ ಉತ್ಸಾಹದಿಂದ ಮಾತಾಡುತ್ತಿದ್ದರು.

ಮರುದಿನದಿಂದ ಚಿಕ್ಕಮ್ಮನ ದನಿ ನೊಣದ ಗುಂಯ್ ಆಯಿತು. ಇನ್ನು ಅತ್ತೆ ಕಿರುಚಿದರೆ ಬೇಕೆಂದೇ ಕಿರುಚಿದಂತೆ. ತಪ್ಪನ್ನು ಬಟನ್ನಿನ ತಲೆಗೆ ಕಟ್ಟುವಂತಿಲ್ಲ. ಓಣಿಯಲ್ಲಿ ಸೊಸೆ ಮೆಷಿನ್ ನಿಲ್ಲಿಸಿ ಕಾದಳು. “ಹೂಂ” ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅದೇ ಕೊರಗಿನಲ್ಲಿ ಒಬ್ಬನ ಕಪ್ಪು ಪ್ಯಾಂಟಿಗೆ ಕಡುನೀಲಿ ದಾರ ಹಾಕಿಬಿಟ್ಟಳು. ಅವನು ಬೀದಿಯ ಬೆಳಕಲ್ಲಿ ಕಾಲು ನೋಡಿಕೊಂಡು, ಮೂಲೆ ತಿರುಗುವ ಮೊದಲೇ ವಾಪಸು ಬಂದ.

ಅವನನ್ನು ಸಮಾಧಾನಪಡಿಸಿ ಕಳಿಸಿದವಳೇ ಸೊಸೆ, ಆದದ್ದಾಗಲಿ ಎಂದು ಮುಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ಏನಮ್ಮಾ?” ಅತ್ತೆ ತಟ್ಟನೆ ತಿರುಗಿದರು. ಅವರ ಮುಖದಲ್ಲೂ ಏನೋ ಆಸೆಯಿತ್ತು.

“ಅತ್ತೆ... ಏನಿಲ್ಲ. ಕಿಟಕಿ ಮುಚ್ಚಲಾ?”

“ಬೇಡ.”

ನೇರವಾಗಿ ಮಾತಾಡುವ ಪ್ರಯತ್ನ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಸೊಸೆಗೆ ಒಂದು ಕೆಟ್ಟ ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ಮಣಿ ಅಂಟಿಸುವ ಗೋಂದಿನ ಟ್ಯೂಬು ಅವಳ ಡ್ರಾಯರಿನಲ್ಲಿತ್ತು. ಬಟನ್ನು ಒತ್ತಿ ಹಿಡಿದು ಒಂದೇ ಒಂದು ಹನಿ ಬಿಟ್ಟರೆ... ಡ್ರಾಯರು ಎಳೆದಳು. ಗುಂಡಿ, ಜಿಪ್, ಸೀಮೆಸುಣ್ಣ, ಟೇಪು ಎಲ್ಲ ಇತ್ತು. ಟ್ಯೂಬು ಇರಲಿಲ್ಲ. ಎಲ್ಲಿ ಹೋಯಿತೆಂದು ಅವಳು ತಡಕಾಡುತ್ತಿರುವಾಗಲೇ ಮುಂದಿನ ಕೋಣೆ ಗುಡುಗಿತು.

“ಅಕ್ಕಾ! ಫೋನು ಸರಿಯಾಯ್ತು ಅಂದ್ಯಲ್ಲೇ?”

“ಆಗಿತ್ತು ಕಣೇ. ಮತ್ತೆ ಒಳಗೆ ಕೂತ್ಬಿಡ್ತು. ಹಳೇದಲ್ವಾ, ಪಾಪ.” ಒಂದು ಕ್ಷಣವೂ ಬಿಡುವು ಕೊಡದೆ ಅತ್ತೆ ಮುಂದುವರಿಸಿದರು: “ಮಧ್ಯಾಹ್ನ ನಾನು ಕಣ್ಣು ಮುಚ್ಚಿದಾಗ ಮೆಷಿನ್ ಓಡಬಾರದು. ಇದೊಂದೇ!”

ಸೊಸೆ ನಲ್ಲಿ ತಿರುಗಿಸಿ ನಲ್ಲಿಗೆ ಹೇಳಿದಳು: “ಆ ಹೊತ್ತಿಗೆ ಕೈಹೊಲಿಗೆ ಕೆಲಸಾನೇ ಬೇಕಾದಷ್ಟಿದೆ!”

“ಅದೇನಕ್ಕಾ ಸದ್ದು?”

“ನಲ್ಲಿ ಕಣೇ. ಸರಿಹೋಯ್ತು.”

ಸಂಜೆಗೆ ಟ್ಯೂಬು ಡ್ರಾಯರಿಗೆ ಮರಳಿತ್ತು, ಮುಚ್ಚಳ ಮಾತ್ರ ಸೊಟ್ಟಗೆ ಕೂತಿತ್ತು. ಸೊಸೆ ಅದನ್ನು ನೆಟ್ಟಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಅತ್ತೆಯ ಕೋಣೆಗೆ ಹೋದಳು.

“ಅತ್ತೆ, ಮೆಷಿನ್ ಈ ಕೋಣೆಗೆ ಹಾಕ್ಕೊಳ್ಳಲಾ?”

ಅತ್ತೆ ಬೆರಗಾದರು. ಎಷ್ಟು ಚೆನ್ನಾಗಿ ಬೆರಗಾದರೆಂದರೆ ಸೊಸೆಗೆ ಒಂದು ಗಳಿಗೆ ಅನುಮಾನವೇ ಬಂತು. “ಇದೇನಮ್ಮಾ ಇದ್ದಕ್ಕಿದ್ದ ಹಾಗೆ? ಹೀಗೆ ಕೇಳಿದ್ರೆ ನಾನೇನು ಹೇಳ್ಲಿ? ಯೋಚನೆ ಮಾಡ್ಬೇಕು.” ಬೀದಿಯಲ್ಲಿ ಒಂದು ಸೈಕಲ್ ಹಾದುಹೋಗುವಷ್ಟು ಹೊತ್ತು ಯೋಚಿಸಿದರು. “ಸರಿ, ಹಾಕ್ಕೋ.”

ಮೆಷಿನ್ ಸಾಗಿಸಿ ಮುಗಿಸಿದ ಮೇಲೆ ಮಗ ಬೆವರೊರೆಸಿಕೊಳ್ಳುತ್ತ ಫೋನನ್ನೆತ್ತಿ ನೋಡಿದ. ಬಟನ್ನನ್ನು ಉಗುರಿನಿಂದ ಕೆರೆದ. ಮೂಸಿದ.

“ಇದು ಗೋಂದು,” ಎಂದ.

“ಧೂಳು,” ಎಂದರು ಅತ್ತೆ, ಸೊಸೆ, ಒಟ್ಟಿಗೇ, ಕಿಟಕಿಯ ಕಡೆ ನೋಡುತ್ತ.

ಮಗ ಇಬ್ಬರ ಬೆನ್ನನ್ನೂ ನೋಡಿದ. ಸ್ಕ್ರೂಡ್ರೈವರನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಬಟನ್ನನ್ನು ರಿಪೇರಿ ಮಾಡಿಸುವುದು ಬೇಡವೆಂದು ತೀರ್ಮಾನವಾಯಿತು.