ಅಪ್ಪ ಹೇಳಿದ್ರು, ಅಮ್ಮ ಹೇಳಿದ್ರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನು ತಮಿಳುನಾಡಿನ ಪಲ್ಲಡಂ ಹತ್ತಿರದ ಲೋಗನಾಥನ್ ಮನೆಗೆ ಬಂದು ಒಂದು ವಾರ ಇರಬೇಕಿತ್ತು. ಅಲ್ಲಿ ಗಂಡ ಹೆಂಡತಿ ಆರು ವರ್ಷದಿಂದ ಮೂರು ಹೊತ್ತೂ ಉಂಡಿದ್ದರು, ಕತ್ತಲಾದರೆ ಮಲಗಿದ್ದರು, ಜಗಳ ಮಾತ್ರ ಇದ್ದಲ್ಲೇ ಇತ್ತು. ಜಗಳವೆಂದರೆ ಕೂಗಾಟವಲ್ಲ. ಒಬ್ಬರೊಡನೊಬ್ಬರು ಒಂದು ಮಾತೂ ಆಡುತ್ತಿರಲಿಲ್ಲ, ಅಷ್ಟೆ. ಆಡಲೇಬೇಕಾದ ಮಾತನ್ನೆಲ್ಲ ಮಗಳು ಕೃತ್ತಿಕಾ ಅತ್ತಿಂದಿತ್ತ ಹೊತ್ತು ಹಾಕಬೇಕಿತ್ತು.

ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮು. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಎಂಟರ ತನಕ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಷ್ಟು ಸದ್ದು. ಏನಾದರೂ ಹೇಳಬೇಕೆಂದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಆ ಮನೆಯಲ್ಲಿ ಹುಟ್ಟಿ ಬೆಳೆದ ಕೃತ್ತಿಕಾಳಿಗೆ ಮೆತ್ತಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಸ್ಕೂಲಿನಲ್ಲಿ ಟೀಚರ್, "ಇದೇನು ತರಿ ಓಡ್ಸೋ ಮನೆಯಾ?" ಎಂದು ಬೈದದ್ದಕ್ಕೆ ಲೆಕ್ಕವಿಲ್ಲ. ತರಿ ಎಂದರೆ ಅಲ್ಲಿಯವರ ಬಾಯಲ್ಲಿ ಮಗ್ಗ.

ಶೆಡ್ಡಿನಿಂದ ಅಡುಗೆಮನೆಗೆ ಹದಿನೆಂಟು ಹೆಜ್ಜೆ. ಅಪ್ಪ ಕಿವಿಯಲ್ಲಿ, "ನಿಮ್ಮಮ್ಮನಿಗೆ ಕೇಳು, ಸಾರಿಗೆ ಉಪ್ಪು ಹಾಕಕ್ಕೂ ಕೈ ಬರಲ್ವಾ ಅಂತ" ಎಂದು ಕೂಗಿದರೆ, ಹದಿನೆಂಟು ಹೆಜ್ಜೆ ದಾಟುವಷ್ಟರಲ್ಲಿ ಅದು, "ಅಪ್ಪ ಹೇಳಿದ್ರು, ಸಾರು ಚೆನ್ನಾಗೈತೆ, ಉಪ್ಪು ಒಂಚೂರು ಕಮ್ಮಿ ಅಂತ" ಎಂದಾಗುತ್ತಿತ್ತು. ಅಮ್ಮ, "ಆ ಮನುಷ್ಯನ ಮುಖ ನೋಡಿದ್ರೆ ಹೊಟ್ಟೆ ಉರೀತದೆ, ಇಲ್ಲಿ ಬರಬ್ಯಾಡ ಅಂತ ಹೇಳು" ಎಂದರೆ, ವಾಪಸ್ಸು ಹೋಗುವಾಗ ಅದು, "ಅಮ್ಮ ಹೇಳಿದ್ರು, ಬಿಸಿಲು ಜಾಸ್ತಿ, ಊಟ ಅಲ್ಲಿಗೇ ಕಳಿಸ್ತೀನಿ ಅಂತ" ಆಗುತ್ತಿತ್ತು. ಮಗ್ಗದ ಸದ್ದಿನಲ್ಲಿ ಅವಳು ಒಬ್ಬರಿಗೆ ಏನು ಹೇಳಿದಳೆಂದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಹನ್ನೊಂದನೇ ವಯಸ್ಸಿಗೆ ಆ ಹುಡುಗಿ ಕಲಿತ ಕಸುಬು ಇದು.

ಎಲ್ಲ ಶುರುವಾದದ್ದು ಉಡುಮಲೈಪೇಟೆಯ ಒಂದು ಮದುವೆಯಲ್ಲಿ. ಪಂಕ್ತಿಯಲ್ಲಿ ಕೂತ ಇನ್ನೂರು ಜನರ ಎದುರು ಲೋಗನಾಥನ್ ಹೆಂಡತಿ ಸುಶೀಲಳ ಕೆನ್ನೆಗೆ ಹೊಡೆದ. ಪಾಯಸ ಬಡಿಸುವುದು ತಡವಾಯಿತು ಎಂಬುದೇ ಕಾರಣ. ಸುಶೀಲ ಅಲ್ಲಿಂದಲೇ ಅನ್ನೂರಿನ ಅಣ್ಣ ದಂಡಪಾಣಿಯ ಮನೆಗೆ ಹೋಗಿ, ಇನ್ನು ನನಗೂ ಅವರಿಗೂ ಮುಗಿಯಿತು ಎಂದಳು. ಕುಲದ ಹಿರಿಯರು ಸೇರಿದರು. ಪೆರಿಯಸಾಮಿ ಎಂಬ ದೊಡ್ಡ ಮನುಷ್ಯರು ತೀರ್ಪು ಕೊಟ್ಟರು: "ಗಂಡ ಹೆಂಡಿರ ಜಗಳದಾಗೆ ಕೂಸು ಬಡವಾಗಬಾರ್ದು. ಮಾತಾಡ್ತೀರೋ ಬಿಡ್ತೀರೋ, ಒಂದೇ ಸೂರಿನ ಕೆಳಗೆ ಇರಿ." ತೀರ್ಪು ಕೊಟ್ಟವರು ವಡೆ ಕಾಫಿ ಮುಗಿಸಿ ಎದ್ದುಹೋದರು. ಸೂರಿನ ಕೆಳಗೆ ಇರಬೇಕಾದವರು ಈ ಮೂವರು.

ಊರೇನೋ ಮೆಚ್ಚಿತು. ಮಗುವಿನ ಮುಖ ನೋಡಿ ಹೊಂದಿಕೊಂಡಿದ್ದಾರೆ, ಮನೆ ಒಡೆಯಲಿಲ್ಲ ಎಂದು ಹೊಗಳಿತು. ಹೊಗಳುವವರು ಆ ಮಗುವಿನ ಮುಖವನ್ನು ಒಂದು ಸಲವಾದರೂ ನೋಡಿದ್ದರೆ ಚೆನ್ನಾಗಿತ್ತು. ಉಗುರು ಬೆರಳಿನ ಮಾಂಸದ ತನಕ ಕಚ್ಚಿ ತಿಂದಿರುತ್ತಿದ್ದಳು. ವಾರಕ್ಕೆ ಮೂರು ದಿನ ಹೊಟ್ಟೆನೋವು, ಡಾಕ್ಟರ್ ಎಷ್ಟು ಒತ್ತಿ ನೋಡಿದರೂ ಸಿಗದ ಹೊಟ್ಟೆನೋವು.

ಊರು ಅಯ್ಯೋ ಪಾಪ ಎನ್ನುತ್ತಿದ್ದದ್ದು ಹಿಂದಿನ ಬೀದಿಯ ವಿನೋದಿನಿಗೆ. ಅವಳು ಕೃತ್ತಿಕಾಳ ಕ್ಲಾಸಿನವಳೇ. ಅವಳ ಅಪ್ಪ ಅಮ್ಮ ಕೋರ್ಟಿನಲ್ಲಿ ವಿಚ್ಛೇದನ ಪಡೆದಿದ್ದರು. ಅಮ್ಮ ತಿರುಪ್ಪೂರಿನ ಬನಿಯನ್ ಕಂಪನಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು, ಅಪ್ಪ ತಿಂಗಳಿಗೆರಡು ಭಾನುವಾರ ಬಂದು ಮಗಳನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದ. ಮೊದಲ ವರ್ಷ ವಿನೋದಿನಿ ಗಣಿತದಲ್ಲಿ ಫೇಲಾದಳು, ಯಾರ ಜೊತೆಗೂ ಸೇರಲಿಲ್ಲ. "ನೋಡಿದ್ಯಾ, ಗಂಡ ಬಿಟ್ಟೋಳ ಮಗಳು ಹ್ಯಾಂಗಾದ್ಲು" ಎಂದು ಅತ್ತೆಯರು ಕೃತ್ತಿಕಾಳಿಗೆ ತೋರಿಸಿ ತೋರಿಸಿ ಹೇಳಿದರು. ಆ ಭಯ ಅವಳೊಳಗೆ ಹೊಕ್ಕು ಕೂತಿತು.

ಕೂತ ಭಯ ಮಾಡಿಸಿದ್ದು ಇದು. ಅವಳಿಗೆ ಹದಿಮೂರಾದಾಗ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು, ಕೊಯಮತ್ತೂರಿನ ಆಸ್ಪತ್ರೆಯಲ್ಲಿ. ಕೃತ್ತಿಕಾ ದಿನಾ ಬಸ್ಸಿನಲ್ಲಿ ಊಟದ ಕ್ಯಾರಿಯರ್ ಒಯ್ಯುತ್ತಿದ್ದಳು. ಒಂದು ಬೆಳಿಗ್ಗೆ ಹೊರಡುವಾಗ ಅಪ್ಪ ಮಗ್ಗ ನಿಲ್ಲಿಸದೆ ಅವಳ ಕಿವಿಯಲ್ಲಿ ಹೇಳಿದ: "ನಿಮ್ಮಮ್ಮನಿಗೆ ಕೇಳು, ಹಾಂಗೇ ಅಣ್ಣನ ಮನೆಗೆ ಹೋತಾಳಾ ಅಂತ. ಕೋರ್ಟಲ್ಲಿ ತೀರ್ಸ್ಕೊಂಡ್ಬಿಡಾಣ. ನನ್ನ ಕೈಲೂ ಆಗಲ್ಲ." ಅವಳು ಆಸ್ಪತ್ರೆಗೆ ಹೋಗಿ ಬಾಯಿ ತೆರೆಯುವ ಮೊದಲೇ, ಮಂಚದ ಮೇಲಿನ ಅಮ್ಮ ಕೈ ಹಿಡಿದು, ಮುದ್ದಿನಿಂದ ಕರೆದು ಹೇಳಿದಳು: "ಕಣ್ಣು, ಅಪ್ಪನಿಗೆ ಕೇಳು. ನಾನು ಇಲ್ಲಿಂದ ಅನ್ನೂರಿಗೇ ಹೋಗ್ಲಾ? ಪೇಪರ್ ಕೊಟ್ರೆ ಸೈನ್ ಹಾಕ್ತೀನಿ ಅಂತ ಹೇಳು."

ಆರು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಮಾತು ಆಡಿದ್ದು ಅದೊಂದೇ ದಿನ. ಎರಡೂ ಮಾತು ಹದಿಮೂರು ವರ್ಷದ ಹುಡುಗಿಯ ಕೈಗೆ ಸಿಕ್ಕವು. ಅವಳಿಗೆ ಕಣ್ಣೆದುರು ಬಂದದ್ದು ವಿನೋದಿನಿಯ ಗಣಿತದ ಪೇಪರ್. ಅಮ್ಮನಿಗೆ, "ಅಪ್ಪ ಹೇಳಿದ್ರು, ಅಮ್ಮ ಬರಾ ತನಕ ಊಟ ಸೇರಲ್ಲ ಅಂತ" ಎಂದಳು. ಸಂಜೆ ಮನೆಗೆ ಬಂದು ಅಪ್ಪನಿಗೆ, "ಅಮ್ಮ ಹೇಳಿದ್ರು, ನೀವು ಉಂಡ್ರಾ ಅಂತ ಕೇಳು ಅಂತ" ಎಂದಳು. ಅಮ್ಮ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಅತ್ತಳು, ನಾಲ್ಕು ದಿನದ ಮೇಲೆ ಪಲ್ಲಡಂಗೇ ಬಂದಳು. ಅಪ್ಪ ಶೆಡ್ಡು ಗುಡಿಸಿ ಇಟ್ಟಿದ್ದ. ಬಂದವಳನ್ನು ಮಾತಾಡಿಸಲಿಲ್ಲ. ಅವಳೂ ಮಾತಾಡಿಸಲಿಲ್ಲ.

ಹೀಗೆ ಮನೆ ಉಳಿಯಿತು.

ಆಮೇಲೆ ತಮಾಷೆ ನೋಡಿ, ವಿನೋದಿನಿ ಚೇತರಿಸಿಕೊಂಡಳು. ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ತೊಂಬತ್ತು ತೆಗೆದಳು. ಎರಡು ಕೋಣೆಯ ಆ ಮನೆಯಲ್ಲಿ ತಾಯಿ ಮಗಳು ಟಿವಿ ನೋಡುತ್ತಾ ನಗುವುದು ಬೀದಿಗೆ ಕೇಳುತ್ತಿತ್ತು. "ನನ್ನ ಕಲ್ಯಾಣದಾಗೆ ಅಪ್ಪ ಆ ಕಡೆ, ಅಮ್ಮ ಈ ಕಡೆ, ನಡುವೆ ಐಸ್‌ಕ್ರೀಂ ಸ್ಟಾಲು" ಎಂದು ಅವಳು ನಕ್ಕರೆ, ಕೃತ್ತಿಕಾ ಮಾತ್ರ, "ನಾ ಮದುವೇನೇ ಆಗಲ್ಲ" ಎನ್ನುತ್ತಿದ್ದಳು. ಒಂದು ಸಲ ವಿನೋದಿನಿ ಅವಳ ಬೆರಳು ಹಿಡಿದು ನೋಡಿ ಹೇಳಿದಳು: "ನಾನು ಒಂದು ವರ್ಷ ಅತ್ತೆ ಕಣೆ, ಮುಗೀತು. ನಿಮ್ಮನೇಲಿ ಮುಗಿಯಾದೇ ಇಲ್ಲ." ಕೃತ್ತಿಕಾ ಕೈ ಎಳೆದುಕೊಂಡಳು. ತಾನು ಎಂಥ ತಪ್ಪು ಮಾಡಿದೆನೆಂದು ಅಂದೇ ಅವಳಿಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು, ಸುಳ್ಳಿನ ಮೇಲೆ ಕಟ್ಟಿದ ಮನೆಯಲ್ಲಿ ಒಂದು ಇಟ್ಟಿಗೆ ಎಳೆದರೂ ಮೈಮೇಲೆ ಬೀಳುತ್ತದೆ.

ಈಗ ಅವಳಿಗೆ ಹದಿನೇಳು. ಕೊಯಮತ್ತೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಸೋಮವಾರ ಹಾಸ್ಟೆಲ್ ಸೇರಬೇಕು. ಅಪ್ಪ ಒಪ್ಪಿದ ಎಂದು ಅಮ್ಮನಿಗೆ, ಅಮ್ಮ ಒಪ್ಪಿದಳು ಎಂದು ಅಪ್ಪನಿಗೆ ಹೇಳಿ ಅನುಮತಿಯನ್ನೂ ತಾನೇ ಹುಟ್ಟಿಸಿಕೊಂಡಿದ್ದಳು. ಹೋದ ಮೇಲೆ ದಿನಾ ಅಪ್ಪನಿಗೊಂದು ಫೋನು, ಅಮ್ಮನಿಗೊಂದು ಫೋನು ಮಾಡಿ ಅಲ್ಲಿಂದಲೇ ಮಾತು ಸಾಗಿಸುವುದೆಂದು ಲೆಕ್ಕ ಹಾಕಿದ್ದಳು. ಆ ಮನೆಯಿಂದ ಹೊರಗೆ ಕಾಲಿಡದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಗಿತ್ತು.

ಆ ಶನಿವಾರ ಕರೆಂಟ್ ಶಟ್‌ಡೌನ್. ತಿಂಗಳಿಗೊಮ್ಮೆ ರಿಪೇರಿಗೆಂದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟ್ ತೆಗೆಯುತ್ತಾರೆ. ಅಂದು ಊರಿನ ಮಗ್ಗಗಳೆಲ್ಲ ನಿಂತು, ತೆಂಗಿನ ಗರಿ ಅಲ್ಲಾಡಿದ್ದೂ ಕೇಳುತ್ತದೆ. ಅಂಥ ದಿನ ಕೃತ್ತಿಕಾ ಮನೆಯಲ್ಲಿರುತ್ತಿರಲಿಲ್ಲ. ಪುಸ್ತಕ ಹಿಡಿದು ವಿನೋದಿನಿಯ ಮನೆ ಸೇರಿಬಿಡುತ್ತಿದ್ದಳು. ಈ ಸಲ ಬಟ್ಟೆ ಜೋಡಿಸುವ ಗಡಿಬಿಡಿ. ಹಾಸ್ಟೆಲಿನ ಪಟ್ಟಿ, ಬಕೆಟ್ಟು, ಬೀಗ, ಅದೂ ಇದೂ ತಲೆ ತುಂಬಿಕೊಂಡು ಅವಳು ಇದ್ದುಬಿಟ್ಟಳು.

ನಾಲ್ಕೂವರೆ ಹೊತ್ತಿಗೆ ಅಪ್ಪ ಶೆಡ್ಡಿನಿಂದ ಕೈಸನ್ನೆ ಮಾಡಿ ಕರೆದ. ನಿಂತ ಮಗ್ಗದ ಪಕ್ಕ ಕೂತು ತುಂಡಾದ ನೂಲುಗಳನ್ನು ಗಂಟು ಹಾಕುತ್ತಿದ್ದ. ತಲೆ ಎತ್ತದೆ, ಪಿಸುಮಾತಿನಲ್ಲಿ ಹೇಳಿದ: "ನೀ ಹೋದ್ಮ್ಯಾಲೆ ಈ ಮನೇಲಿ ಅವಳಿಗೇನು ಕೆಲಸ? ಸೋಮವಾರನೇ ಅಣ್ಣನ ಮನೆಗೆ ಹೋಗಕ್ಕೆ ಹೇಳು. ನಿನಗೋಸ್ಕರ ಇದ್ದದ್ದು, ಸಾಕು."

ಕೃತ್ತಿಕಾ ಹದಿನೆಂಟು ಹೆಜ್ಜೆ ನಡೆದಳು. ಇದೊಂದನ್ನು ಸೋಮವಾರದವರೆಗೆ ತಳ್ಳಿದರೆ ಸಾಕು ಎಂಬುದಷ್ಟೇ ತಲೆಯಲ್ಲಿತ್ತು. ಅಮ್ಮ ಅವಳಿಗೆಂದು ಹುರಿಗಡಲೆ ಪುಡಿ ಡಬ್ಬಿಗೆ ತುಂಬುತ್ತಿದ್ದಳು. ಕೃತ್ತಿಕಾ ಅಭ್ಯಾಸದಂತೆ ಅವಳ ಕಿವಿಗೆ ಬಾಯಿಟ್ಟಳು. ಅಭ್ಯಾಸದಂತೆಯೇ ಮಗ್ಗದ ಗಂಟಲಿನಲ್ಲಿ ಕೂಗಿದಳು:

"ಅಪ್ಪ ಹೇಳಿದ್ರು, ಪಾಪು ಹೋದ್ರೂ ನೀ ಇದೀಯಲ್ಲ, ನನಗೇನು ಭಯ ಅಂತ."

ಕೂಗು ಮನೆಯ ಮೂಲೆ ಮೂಲೆಗೂ ಮುಟ್ಟಿತು. ಎದುರುಮನೆ ಜಗುಲಿಯ ಮುತ್ತಮ್ಮಾಳ್ ಕೂಡ ಕತ್ತು ಎತ್ತಿ ನೋಡಿದಳು. ಕೃತ್ತಿಕಾ ಬಾಯಿಗೆ ಕೈ ಇಟ್ಟುಕೊಂಡಳು. ಆಗಲೇ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಬೆರಳಲ್ಲಿ ಇನ್ನೂ ನೂಲು ಸುತ್ತಿತ್ತು.

"ನಾನು ಹಾಂಗೆ ಹೇಳಿಲ್ಲ," ಎಂದ.

ಸುಶೀಲ ಗಂಡನ ಕಡೆ ನೋಡಲಿಲ್ಲ. ಮಗಳನ್ನೇ ನೋಡಿದಳು. "ಏನ್ ಹೇಳಿದ್ರು?"

ಕೃತ್ತಿಕಾ ಹೇಳಿದಳು. ಅಪ್ಪ ಹೇಳಿದಂತೆಯೇ, ಒಂದಕ್ಷರ ಬಿಡದೆ ಹೇಳಿದಳು. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಕೆಳಗಿಟ್ಟಳು.

"ಆಸ್ಪತ್ರೇಲಿ ಇದ್ದಾಗ," ಎಂದಳು. "ನಾ ಬರಾ ತನಕ ಊಟ ಸೇರಲ್ಲ ಅಂತ. ಅದು?"

"ಅದೂ ನಾನೇ ಅಮ್ಮ."

"ಅಪ್ಪ ಏನ್ ಹೇಳಿದ್ರು ಆವತ್ತು?"

ಕೃತ್ತಿಕಾ ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆ ನೋಡುತ್ತಿದ್ದ. "ಕೋರ್ಟಲ್ಲಿ ತೀರ್ಸ್ಕೊಳಾಣ ಅಂತ. ನೀನೂ ಅದನ್ನೇ ಹೇಳ್ದೆ. ನಾನು ಇಬ್ಬರಿಗೂ ಹೇಳ್ಲಿಲ್ಲ."

ಸುಶೀಲ ನೆಲದ ಮೇಲೆ ಕೂತುಬಿಟ್ಟಳು. "ಆ ಒಂದು ಮಾತಿಗೆ ನಾಲ್ಕು ವರ್ಷ ಇದ್ದೆ," ಎಂದಳು. "ಬಾಯಲ್ಲಿ ಆಡದಿದ್ರೂ ಒಳಗೆ ಏನೋ ಐತೆ ಅಂತ ಇದ್ದೆ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಕೃತ್ತಿಕಾಳಿಗೆ ತಡೆದುಕೊಳ್ಳಲು ಆಗುತ್ತಿತ್ತು.

"ನೀವು ಉಂಡ್ರಾ ಅಂತ ಕೇಳಿದ್ದು?" ಲೋಗನಾಥನ್ ಕೇಳಿದ. ಕೇಳಿದ್ದು ಮಗಳನ್ನು, ಉತ್ತರ ಕೊಟ್ಟದ್ದು ಹೆಂಡತಿ.

"ನಾ ಕೇಳ್ಲಿಲ್ಲ."

ಆರು ವರ್ಷದ ಮೇಲೆ ಅವಳು ಗಂಡನೊಡನೆ ಆಡಿದ ಮೊದಲ ಮಾತು ಅದು. ಅವನು ತಲೆಯಾಡಿಸಿದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದರು. ಅವನ ಕೂದಲು ಬೆಳ್ಳಗಾಗಿದ್ದುದನ್ನು ಅವಳು, ಅವಳ ಕಣ್ಣ ಕೆಳಗಿನ ಕಪ್ಪನ್ನು ಅವನು ಆಗಲೇ ಕಂಡಂತಿತ್ತು.

"ಸೋಮವಾರ ವಕೀಲರನ್ನ ನೋಡಾಣವಾ?" ಎಂದ.

"ಸರಿ," ಎಂದಳು. "ಪಾಪುನ್ನ ಹಾಸ್ಟೆಲಿಗೆ ಬಿಟ್ಟು ಹಾಂಗೇ ಹೋಗಾಣ."

ಎಷ್ಟು ಸಲೀಸಾಗಿ ಮಾತಾಡಿದರು. ಇದನ್ನು ಕೇಳಲೆಂದು ಕೃತ್ತಿಕಾ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳು, ಅಪ್ಪ ಅಮ್ಮ ನೇರ ಮಾತಾಡುವ ದಿನ ಒಂದು ಬರಲಿ ಎಂದು. ಬಂತು. ಎರಡು ನಿಮಿಷದ ಕೆಲಸವಾಗಿತ್ತು ಅದು. ಆ ಎರಡು ನಿಮಿಷಕ್ಕೆ ತಾನು ಅಡ್ಡ ನಿಂತು ಮೂವರ ನಾಲ್ಕು ವರ್ಷ ಹಾಳು ಮಾಡಿದೆ ಎಂದುಕೊಂಡು ಅವಳೂ ನೆಲದ ಮೇಲೆ ಕೂತಳು. ಕೂಸು ಬಡವಾಗಬಾರದು ಎಂದು ತೀರ್ಪು ಕೊಟ್ಟ ದೊಡ್ಡ ಮನುಷ್ಯರು ಆಗ ಅಲ್ಲಿ ಇರಲಿಲ್ಲ, ಯಾವತ್ತೂ ಇರುವುದಿಲ್ಲ.

ಅಪ್ಪ ಅವಳ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. ಬೈಯಲಿಲ್ಲ. ಅಮ್ಮನೂ ಹತ್ತಿರ ಸರಿದು ಅವಳ ಬೆರಳು ಹಿಡಿದಳು, ಉಗುರಿಲ್ಲದ ಬೆರಳು. ಆ ಬೆರಳನ್ನು ಮೊದಲ ಸಲ ನೋಡುವಂತೆ ನೋಡಿದಳು.

"ನಮ್ಮದು ಬಿಡು ಕಣ್ಣು," ಅಪ್ಪ ಮೆಲ್ಲಗೆ ಕೇಳಿದ. "ನೀ ಏನ್ ಹೇಳ್ತೀಯ? ನಿನಗೇನು ಬೇಕು?"

ಆರು ವರ್ಷದಲ್ಲಿ ಯಾರೂ ಕೇಳದ ಮಾತು. ಕೃತ್ತಿಕಾ ಬಾಯಿ ತೆರೆದಳು.

"ಅಮ್ಮ ಹೇಳಿದ್ರು..." ಎಂದಳು.

ನಿಲ್ಲಿಸಿದಳು. ಮತ್ತೆ ಪ್ರಯತ್ನಿಸಿದಳು.

"ಅಪ್ಪ ಹೇಳಿದ್ರು..."

ಅದರ ಮುಂದೆ ಏನೂ ಬರಲಿಲ್ಲ. ಅವರಿಬ್ಬರೂ ಕಾದರು. ಅವಳು ಒಳಗೆಲ್ಲ ಹುಡುಕಿದಳು. ಅಪ್ಪನ ಬೈಗಳು ಸಿಕ್ಕಿತು, ಅಮ್ಮನ ನಿಟ್ಟುಸಿರು ಸಿಕ್ಕಿತು, ತಾನು ಹೊಲಿದ ಸುಳ್ಳುಗಳೆಲ್ಲ ಸಿಕ್ಕವು, ತನ್ನದು ಎಂಬ ಒಂದು ಮಾತು ಮಾತ್ರ ಸಿಗಲಿಲ್ಲ. ಐದು ಗಂಟೆಗೆ ಕರೆಂಟ್ ಬಂತು, ಊರಿನ ಮಗ್ಗಗಳೆಲ್ಲ ಒಂದೊಂದಾಗಿ ಶುರುವಾದವು. ಅವಳು ಇನ್ನೂ ಬಾಯಿ ತೆರೆದುಕೊಂಡೇ ಕೂತಿದ್ದಳು.