ಬಾಯಾರಿಗೆ ತ್ರಾಸ ಕೊಡಬ್ಯಾಡ್ರಿ

ಹೊನವಾಡದ ಸರ್ಕಾರಿ ದವಾಖಾನೆಗೆ ಬಂದ ಡಾಕ್ಟರುಗಳು ನಿಲ್ಲುತ್ತಿರಲಿಲ್ಲ. ಒಬ್ಬ ಬಬಲೇಶ್ವರದ ಕಡೆ ವರ್ಗ ಮಾಡಿಸಿಕೊಂಡ, ಇನ್ನೊಬ್ಬ ಮುಂದೆ ಓದುತ್ತೇನೆಂದು ಹೋದ, ಮತ್ತೊಬ್ಬ ಏನೂ ಹೇಳದೆಯೇ ಹೋದ. ನಮ್ಮವರ ಕಾಟ ತಾಳಲಾರದೆ ಹೋದರು ಎಂಬುದು ಊರ ಹಿರಿಯ ಧೂಳಪ್ಪನ ಖಾತ್ರಿ. ಡಾಕ್ಟರು ಊಟಕ್ಕೆ ಕೂತಾಗ ಬಾಗಿಲು ಬಡಿಯುವವರು, ಒಂದು ಸೀನಿಗೆ ಸೂಜಿ ಬೇಕೆನ್ನುವವರು, ಸುಳ್ಳೇಕೆ ಹೇಳಬೇಕು, ಊರಲ್ಲಿ ಕಡಿಮೆಯಿರಲಿಲ್ಲ.

ಹಾಗಾಗಿ ವಿಜಯಪುರದ ಇಬ್ರಾಹಿಂಪುರದಿಂದ ಆಮ್ರಪಾಲಿ ಎಂಬ ಎಳೆಯ ಡಾಕ್ಟರು ವರ್ಷದ ಕರಾರಿನ ಮೇಲೆ ಬಂದಾಗ ಧೂಳಪ್ಪ ಕಟ್ಟೆಯ ಮೇಲೆ ಕೂತು ಕಟ್ಟಪ್ಪಣೆ ಮಾಡಿದ: "ಡಾಕ್ಟರ ಬಾಯಾರಿಗೆ ಯಾರೂ ತ್ರಾಸ ಕೊಡಬ್ಯಾಡ್ರಿ. ಜಡ್ಡಾದ್ರ ತಿಕೋಟಾಕ್ಕ ಹೋಗ್ರಿ. ಈಕಿ ಉಳೀಬೇಕು."

ಹೊಸ ಸೊಸೆಗೆ ಬೀಸುವ ಕಲ್ಲು ಮುಟ್ಟಗೊಡದ ಅತ್ತೆಯ ಹಾಗೆ ಇಡೀ ಊರು ಆಕೆಯನ್ನು ಕಾಪಾಡಿತು. ದ್ರಾಕ್ಷಿ ಕಳಿಸಿತು, ಮೊಸರು ಕಳಿಸಿತು, ರೋಗಿಗಳನ್ನು ಮಾತ್ರ ಕಳಿಸಲಿಲ್ಲ. ಕೆಮ್ಮುತ್ತ ಬಂದ ನೆರೆಮನೆಯ ಮಾಸುಮಬಿಯನ್ನು ದವಾಖಾನೆಯ ಗೇಟಿನಿಂದ ಧೂಳಪ್ಪನೇ ತಿರುಗಿಸಿ ಕಳಿಸಿದ.

ತನಗೂ ಅದೇ ಕಾಯಿದೆ. ಸಕ್ಕರೆ ಕಾಯಿಲೆಯ ಮನುಷ್ಯ, ಚಪ್ಪಲಿ ಕಚ್ಚಿ ಕಾಲ ಬೆರಳಿಗಾದ ಗಾಯ ಕೀವುಗಟ್ಟಿದರೂ ಬಟ್ಟೆ ಸುತ್ತಿಕೊಂಡು ಓಡಾಡಿದ. ವಾಸನೆ ಬರತೊಡಗಿದಾಗ ವಿಜಯಪುರದ ಬಸ್ಸಿಗೆಂದು ತಿಕೋಟಾಕ್ಕೆ ಬಂದಿಳಿದ. ಅಲ್ಲಿ, ವಿಜಯಪುರದ ಮನೆಯಿಂದ ಮರಳುತ್ತಿದ್ದ ಆಮ್ರಪಾಲಿ ಹೊನವಾಡದ ಬಸ್ಸಿಗೆ ಕಾಯುತ್ತ ನಿಂತಿದ್ದಳು.

"ಅಜ್ಜಾರ, ಕಾಲಿಗೆ ಏನಾಗೇತ್ರಿ?"

"ಏನಿಲ್ರಿ ಬಾಯಾರ. ಹಿಂಗ ವಿಜಾಪುರದಾಗ ತೋರಸಾಕ ಹೊಂಟೇನಿ."

ಆಕೆಯ ಮುಖ ಸಪ್ಪಗಾಯಿತು. "ನೀವೂ ಅಲ್ಲಿಗೇ ಹೊಂಟೀರಿ. ನನ್ನ ಮ್ಯಾಲ ಊರಾಗ ಒಬ್ಬರಿಗೂ ನಂಬಿಗಿ ಇಲ್ಲ. ಈ ತಿಂಗಳ ಕರಾರ ಮುಗೀತೈತಿ, ಇನ್ನ ಬರೂದಿಲ್ಲಂತ ಇವತ್ತ ಹೇಳಾಕಿ ಇದ್ದೇನಿ. ಖಾಲಿ ಬೆಂಚ ನೋಡಿ ನೋಡಿ ಸಾಕಾಗೇತಿ."

ಧೂಳಪ್ಪನಿಗೆ ಆಗ ಹೊಳೆಯಿತು. ಉಳಿಸಿಕೊಳ್ಳಲು ಮಾಡಿದ್ದೇ ಆಕೆಯನ್ನು ಓಡಿಸುತ್ತಿತ್ತು.

"ಯಪ್ಪಾ, ಹಂಗಲ್ರಿ! ತ್ರಾಸ ಆದ್ರ ನೀವೂ ಬಿಟ್ಟ ಹೋಗ್ತೀರಂತ ಮಂದೀನ ನಾನ ತಡದೇನ್ರಿ. ತಪ್ಪ ನಂದ್ರಿ." ಹೇಳುತ್ತಲೇ ಮುದುಕ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕಣ್ಣೊರೆಸಿಕೊಂಡ. ಇಷ್ಟು ಜಾಣತನವನ್ನು ದೇವರು ಯಾರಿಗೂ ಕೊಡಬಾರದು.

ಆಮ್ರಪಾಲಿ ನಗಲಿಲ್ಲ. ಅವನನ್ನು ಕೂರಿಸಿ ಬಟ್ಟೆ ಬಿಚ್ಚಿದಳು. ಬೆರಳು ಕಪ್ಪಾಗಿತ್ತು. "ಒಂದ ವಾರ ಮೊದಲ ಬಂದಿದ್ರ ನಾನ ಇದನ್ನ ಉಳಸ್ತಿದ್ದೆ" ಎಂದಳು. ದವಾಖಾನೆಗೆ ಫೋನು ಮಾಡಿ ತಡವಾಗುತ್ತದೆಂದು ತಿಳಿಸಿ, ಅವನ ಜೊತೆಗೇ ವಿಜಯಪುರದ ಬಸ್ಸು ಹತ್ತಿದಳು.

ಬೆರಳು ಉಳಿಯಲಿಲ್ಲ. ಕಟ್ಟು ಬದಲಿಸಿಕೊಳ್ಳಲು ಧೂಳಪ್ಪ ಕುಂಟುತ್ತ ಊರ ದವಾಖಾನೆಗೆ ಹೋದಾಗ ಬೆಂಚಿನ ತುಂಬ ಜನ. ಅವನೇ ಮನೆಮನೆಗೆ ಹೇಳಿಕಳಿಸಿದ್ದ. ಮಾಸುಮಬಿ ಎದ್ದು ಜಾಗ ಬಿಟ್ಟಳು. ಸರದಿ ಬಂದು ಒಳಗೆ ಹೋದವನು ತಡೆಯಲಾರದೆ ಕೇಳಿಯೇಬಿಟ್ಟ: "ಬಾಯಾರ, ಇಷ್ಟ ಮಂದಿ ನೋಡಿ ಬ್ಯಾಸರಾತೇನ್ರಿ? ಹೋಗಿಬಿಡ್ತೀರೇನು?"

"ಹೋಗಬೇಕಂತನ ಮಾಡಿದ್ನಿ" ಎಂದಳು ಆಮ್ರಪಾಲಿ, ಗಾಯ ತೊಳೆಯುತ್ತ. "ಆದ್ರ ಮುಂದ ಬರೂ ಡಾಕ್ಟರನ್ನ ಉಳಿಸಿಕೊಳ್ಳಾಕ ನೀವು ಇನ್ನೊಂದ ಬೆರಳ ಕಳಕೊಳ್ತೀರಿ. ಅದಕ್ಕ ಮತ್ತೊಂದ ವರ್ಷಕ್ಕ ಸಹಿ ಮಾಡೇನಿ. ಕಾಲ ಅಲಗಸಬ್ಯಾಡ್ರಿ."